ಗಣಕದ ಮಗ್ಗ

(ಸಂಘದ ವಾರ್ಷಿಕೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ವರ್ಷವರ್ಷವೂ ಶರಣರ ವಿಚಾರ, ನಮ್ಮ ಊರುಗಳ ಶಾಸನಗಳ ವಿಚಾರ, ಗಡಿನಾಡಿನ ಶಾಲೆಗಳ ಸುಖದುಃಖದ ವಿಚಾರ ಕೇಳಿಬರುವುದು ವಾಡಿಕೆ. ಅಂಥ ಪರಂಪರೆಯ ನಡುವೆ ನಾವು ಇಂದು ಗಣಕಯಂತ್ರದೊಳಗಿನ ಒಂದು ಚಿಕ್ಕ ಬಿಲ್ಲೆಯನ್ನು ಕುರಿತು ನಾಲ್ಕು ಮಾತು ಆಡಲು ನಿಂತಿರುವೆವು. ಆ ಬಿಲ್ಲೆಗೆ ಜಿಪಿಯು ಎಂದು ಹೆಸರು. ಗಣಕದ ಪರದೆಯ ಮೇಲೆ ಚಿತ್ರ ಬರೆಯುವುದಕ್ಕಾಗಿ ಹುಟ್ಟಿ, ಈಗ ಜಗತ್ತಿನ ದೊಡ್ಡ ದೊಡ್ಡ ಲೆಕ್ಕಗಳನ್ನೆಲ್ಲ ಹೊತ್ತು ನಿಂತಿರುವ ಯಂತ್ರವದು. ವಿಷಯ ಅಪರಿಚಿತವೆಂದು ಹಿರಿಯರು ಬೇಸರಪಡಬಾರದೆಂದು ಬಿನ್ನಹ. ಮಗ್ಗವನ್ನೂ ಕೆರೆಯನ್ನೂ ಬಲ್ಲವರಿಗೆ ಇದು ತೀರ ಹೊಸತಲ್ಲವೆಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಈ ವಿಷಯಕ್ಕೆ ನಾವು ಬಂದ ಬಗೆಯನ್ನು ಮೊದಲು ಅರಿಕೆ ಮಾಡಬೇಕು. ಕಳೆದ ಮಳೆಗಾಲದಲ್ಲಿ ಸಂಘದ ವಾಚನಾಲಯದ ಕೋಣೆಯಲ್ಲಿ ಭಾನುವಾರಕ್ಕೊಮ್ಮೆ ನಾವು ಕೆಲವರು ಕೂಡುತ್ತಿದ್ದೆವು. ಗಣಿತ ಕಲಿಸಿ ನಿವೃತ್ತರಾದವರು ಕೆಲವರು, ಕಾಲೇಜಿನ ಹುಡುಗ ಹುಡುಗಿಯರು ಕೆಲವರು. ಇವರಲ್ಲಿ ಹೆಚ್ಚಿನ ಮಕ್ಕಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿದವರು. ಮನೆಯಲ್ಲಿ ಮಾತ್ರ ಕನ್ನಡ. ಅಡುಗೆಮನೆಗೆ, ಜಾತ್ರೆಗೆ, ಅಜ್ಜಿಯ ಮಾತಿಗೆ ಕನ್ನಡ. ಲೆಕ್ಕಕ್ಕೆ, ಯಂತ್ರಕ್ಕೆ, ಉದ್ಯೋಗಕ್ಕೆ ಬೇರೆ ಭಾಷೆ. ಹೀಗೊಂದು ವಿಭಾಗಪತ್ರವನ್ನು ಯಾರೂ ಬರೆಯದಿದ್ದರೂ ಅದು ಅವರ ಮನಸ್ಸಿನಲ್ಲಿ ನೋಂದಣಿಯಾಗಿಬಿಟ್ಟಿತ್ತು. ಮೊದಲ ಭಾನುವಾರವೇ ಒಬ್ಬ ಹುಡುಗಿ, "ಸರ್, ಇದನ್ನು ಕನ್ನಡದಾಗ ಕಲೀಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದುದರ ವರದಿಯೇ ಈ ಭಾಷಣ.

ಮೊದಲು ಒಂದು ಲೆಕ್ಕ. ಸಾಮಾನ್ಯ ಗಣಕದ ಪರದೆಯಲ್ಲಿ ಅಡ್ಡಸಾಲಿಗೆ 1920, ಉದ್ದಸಾಲಿಗೆ 1080 ಚುಕ್ಕೆಗಳಿರುತ್ತವೆ. ಇವಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಗುಣಿಸಿದರೆ 20,73,600 ಚುಕ್ಕೆಗಳು. ಚಿತ್ರವು ನಮ್ಮ ಕಣ್ಣಿಗೆ ಅಲುಗದೆ ಹರಿಯಬೇಕಾದರೆ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಸಲ "ಈ ಚುಕ್ಕೆಗೆ ಯಾವ ಬಣ್ಣ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಒಂದೊಂದು ಉತ್ತರಕ್ಕೂ ಹತ್ತಾರು ಕೂಡು ಗುಣಿಸುಗಳು ಬೇಕಾದರೆ ಒಟ್ಟು ಲೆಕ್ಕ ನೂರಾರು ಕೋಟಿಯಾಗುವುದು. ಒಂದು ಚಿತ್ರಕ್ಕೆ ದೊರೆಯುವ ಕಾಲವಾದರೋ ಸೆಕೆಂಡಿನ 60ನೆಯ ಒಂದು ಭಾಗ ಮಾತ್ರ.

ಗಣಕದ ಮುಖ್ಯ ಬಿಲ್ಲೆ, ಅಂದರೆ ಸಿಪಿಯು, ಬಹು ಜಾಣ ಕಾರಕೂನನಂತೆ. ಯಾವ ಕಡತ ಬಂದರೂ ಓದಿ, ಯೋಚಿಸಿ, ಹಿಂದಿನ ನಿರ್ಣಯ ನೋಡಿ, ಮುಂದಿನದನ್ನು ಬರೆಯಬಲ್ಲದು. ಅಂಥ ಕಾರಕೂನರು ಒಂದು ಗಣಕದಲ್ಲಿ ನಾಲ್ವರೋ ಎಂಟು ಮಂದಿಯೋ ಇರುತ್ತಾರೆ. ಜಿಪಿಯುವಿನಲ್ಲಿ ಇರುವವರು ಕಾರಕೂನರಲ್ಲ, ಕೂಲಿಯಾಳುಗಳು; ಆದರೆ ಅವರ ಸಂಖ್ಯೆ ನೂರುಗಳಲ್ಲಿ, ಸಾವಿರಗಳಲ್ಲಿ. ಒಬ್ಬೊಬ್ಬರಿಗೂ ಒಂದೇ ಅಪ್ಪಣೆ, ಕೈಯಲ್ಲಿ ಮಾತ್ರ ಬೇರೆ ಬೇರೆ ಪದಾರ್ಥ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಈ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಕಥೆಯನ್ನು ನಾವೆಲ್ಲ ರಾಘವಾಂಕನ ಕಾವ್ಯದಿಂದ ಬಲ್ಲೆವು. ಕೆರೆ ತೋಡುವ ಕೆಲಸದಲ್ಲಿ ಒಬ್ಬನು ಬುಟ್ಟಿ ತುಂಬಿ ಒಡ್ಡಿನ ಮೇಲೆ ಸುರಿಯಲು ಇನ್ನೊಬ್ಬನ ಬುಟ್ಟಿ ಬರಲೆಂದು ಕಾಯಬೇಕಾಗಿಲ್ಲ. ಸಾವಿರ ಜನ ಬಂದರೆ ಸಾವಿರ ಬುಟ್ಟಿ ಒಮ್ಮೆಗೇ ಏಳುವುದು. ಆದರೆ ಶಾಸನ ಬರೆಯುವ ಕೆಲಸಕ್ಕೆ ಸಾವಿರ ಜನ ಬಂದರೆ ಏನೂ ಪ್ರಯೋಜನವಿಲ್ಲ. ಮೊದಲ ಸಾಲು ಮುಗಿಯದೆ ಎರಡನೆಯದು ಬರಲಾರದು. ಚಿತ್ರ ಬರೆಯುವುದು ಕೆರೆಯ ಕೆಲಸ. ಈ ಒಂದು ಭೇದ ಮನಸ್ಸಿಗೆ ಹತ್ತಿದರೆ ಜಿಪಿಯು ವಿದ್ಯೆಯ ಅರ್ಧ ತಿಳಿದಂತೆಯೇ.

ಇನ್ನು ಮಗ್ಗದ ಮಾತು. ಅಮೆರಿಕದ ಎನ್‌ವಿಡಿಯಾ ಎಂಬ ಸಂಸ್ಥೆಯ ಜಿಪಿಯುಗಳಲ್ಲಿ ಕೆಲಸದ ಅತಿ ಸಣ್ಣ ಘಟಕವನ್ನು ಥ್ರೆಡ್ ಎಂದು ಕರೆಯುತ್ತಾರೆ; ಎಂದರೆ ಎಳೆ. ಇಂಥ 32 ಎಳೆಗಳು ಒಟ್ಟಿಗೆ ಹೆಜ್ಜೆ ಹಾಕುವ ಗುಂಪಿಗೆ ವಾರ್ಪ್ ಎಂದು ಹೆಸರು. ನಮ್ಮ ನೇಕಾರರು ಹಾಸು ಎನ್ನುವುದೇ ಇದು. ಈ ಹೆಸರನ್ನು ನೇಯ್ಗೆಯಿಂದಲೇ ತೆಗೆದುಕೊಂಡೆವೆಂದು ಆ ಸಂಸ್ಥೆಯವರು ತಮ್ಮ ಕೈಪಿಡಿಯಲ್ಲಿ ಹೇಳಿಕೊಂಡಿದ್ದಾರೆ. ಆ ಸಾಲನ್ನು ಓದಿದ ದಿನ ನಮ್ಮ ಕೋಣೆಯಲ್ಲಿ ಆದ ಸಂತೋಷ ಅಷ್ಟಿಷ್ಟಲ್ಲ. ಏಕೆಂದರೆ ಆ ಮಕ್ಕಳಲ್ಲಿ ಇಬ್ಬರ ಮನೆಯಲ್ಲಿ ಚಾದರದ ಮಗ್ಗ ನಡೆಯುತ್ತದೆ. ಸೊಲ್ಲಾಪುರದ ಚಾದರದ ಮೇಲಿನ ಹೂಬಳ್ಳಿಗಳನ್ನು ಮೂಡಿಸುವುದು ಜಕಾರ್ಡ್ ಯಂತ್ರ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ತೂತು ಕೊರೆದ ರಟ್ಟುಗಳ ಸರಪಳಿಯಿಂದ ಹಾಸಿನ ಎಳೆಗಳನ್ನು ಏರಿಳಿಸುವ ಉಪಾಯವನ್ನು ರೂಢಿಗೆ ತಂದನು. ತೂತು ಇದ್ದಲ್ಲಿ ಎಳೆ ಏಳುವುದು, ಇಲ್ಲದಲ್ಲಿ ನಿಲ್ಲುವುದು. ಒಂದು ರಟ್ಟು ಒಂದು ಸಾಲಿನ ಎಲ್ಲ ಎಳೆಗಳಿಗೂ ಏಕಕಾಲದಲ್ಲಿ ಅಪ್ಪಣೆ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣನಯಂತ್ರಕ್ಕೆ ಇದೇ ರಟ್ಟುಗಳನ್ನು ಯೋಜಿಸಿದನು. ಅದಾ ಲವ್‌ಲೇಸ್ ಎಂಬ ವಿದುಷಿ 1843ರ ತನ್ನ ಟಿಪ್ಪಣಿಗಳಲ್ಲಿ ಆ ಯಂತ್ರವನ್ನು ಜಕಾರ್ಡನ ಮಗ್ಗಕ್ಕೇ ಹೋಲಿಸಿದಳು. ಆದುದರಿಂದ ಗಣಕವಿದ್ಯೆ ನಮಗೆ ಪರದೇಶದ ಬಂಧುವೆಂದು ದೂರ ನಿಲ್ಲುವ ಕಾರಣವಿಲ್ಲ. ಅದರ ತೌರುಮನೆಗಳಲ್ಲಿ ಮಗ್ಗದ ಕೊಟ್ಟಿಗೆಯೂ ಒಂದು.

ಈ ಬಿಲ್ಲೆ ಬೆಳೆದು ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳುವೆವು. ಐವಾನ್ ಸದರ್ಲೆಂಡ್ 1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿ, ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯಬಹುದೆಂದು ತೋರಿಸಿದನು. ಬಾಗಿದ ಮೈಗೆ ನಯವಾದ ನೆರಳು ಕೊಡುವ ರೀತಿಯನ್ನು 1971ರಲ್ಲಿ ಗುರೋ, ಹೊಳಪನ್ನು ಲೆಕ್ಕಹಾಕುವ ಸೂತ್ರವನ್ನು 1975ರಲ್ಲಿ ಫಾಂಗ್ ಪ್ರಕಟಿಸಿದರು. 1999ರಲ್ಲಿ ಎನ್‌ವಿಡಿಯಾ ತನ್ನ ಹೊಸ ಬಿಲ್ಲೆಯನ್ನು ಜಿಪಿಯು ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. 2001ರ ಹೊತ್ತಿಗೆ ಆ ಬಿಲ್ಲೆಗೆ ನಾವೇ ಬರೆದ ಸಣ್ಣ ಸಣ್ಣ ಅಪ್ಪಣೆಗಳನ್ನು ಕೊಡುವುದು ಸಾಧ್ಯವಾಯಿತು. ಇವುಗಳಿಗೆ ಶೇಡರ್ ಎಂದು ಹೆಸರು. ಆಗ ವಿಜ್ಞಾನಿಗಳು ಒಂದು ತಂತ್ರ ಹೂಡಿದರು: ತಮ್ಮ ಲೆಕ್ಕಗಳಿಗೆ ಚಿತ್ರದ ವೇಷ ಹಾಕಿ ಜಿಪಿಯುವಿಗೆ ಕೊಟ್ಟು, ಬಂದ ಬಣ್ಣಗಳನ್ನೇ ಉತ್ತರವೆಂದು ಓದಿಕೊಂಡರು. 2007ರಲ್ಲಿ ಕೂಡಾ ಎಂಬ ಸಾಧನ ಬಿಡುಗಡೆಯಾದ ಮೇಲೆ ಆ ವೇಷದ ಅಗತ್ಯ ತಪ್ಪಿತು. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಅಲೆಕ್ಸ್‌ನೆಟ್ ಎಂಬ ಯಂತ್ರಜಾಲವನ್ನು ಕೇವಲ ಎರಡು ಜಿಪಿಯುಗಳ ಮೇಲೆ ತರಬೇತುಗೊಳಿಸಿ ಮೂವರು ವಿದ್ವಾಂಸರು ಸ್ಪರ್ಧೆಯಲ್ಲಿ ಗೆದ್ದರು. ಇಂದು ಮನುಷ್ಯನಂತೆ ಬರೆಯುವ, ಮಾತನಾಡುವ ಯಂತ್ರಗಳೆಂದು ನಾವು ಕೇಳುತ್ತಿರುವುದೆಲ್ಲ ಆ ದಾರಿಯ ಮುಂದುವರಿಕೆ.

ಇಷ್ಟೆಲ್ಲ ಕಲಿಯಲು ದೊಡ್ಡ ಪ್ರಯೋಗಶಾಲೆ ಬೇಕಲ್ಲವೇ, ಗಡಿಯ ಊರಿನ ಮಕ್ಕಳಿಗೆ ಅದೆಲ್ಲಿಯದು ಎಂದು ನೀವು ಕೇಳಬಹುದು. ಸಮಾಧಾನದ ಸಂಗತಿ ಇಲ್ಲೇ ಇದೆ. ಸುದ್ದಿ ಓದಲು, ಹಾಡು ಕೇಳಲು ನಾವೆಲ್ಲ ತೆರೆಯುವ ಬ್ರೌಸರ್ ಇದೆಯಲ್ಲ, ಅದೇ ಈಗ ಪ್ರಯೋಗಶಾಲೆ. ಬ್ರೌಸರಿನೊಳಗೆ ಮೂರು ಆಯಾಮದ ಚಿತ್ರ ಬರೆಯುವ ಪ್ರಯೋಗವನ್ನು 2006ರಲ್ಲಿ ಮೊಜಿಲ್ಲಾದ ವುಕಿಚೆವಿಚ್ ಎಂಬಾತ ಮಾಡಿ ತೋರಿಸಿದನು. ಅದು 2011ರಲ್ಲಿ ವೆಬ್‌ಜಿಎಲ್ ಎಂಬ ಸಿದ್ಧ ನಿಯಮಾವಳಿಯಾಯಿತು, 2017ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ಆದರೆ ವೆಬ್‌ಜಿಎಲ್‌ನಲ್ಲಿ ಚಿತ್ರಕ್ಕೆ ಮಾತ್ರ ದಾರಿ. ಶುದ್ಧ ಲೆಕ್ಕಕ್ಕೆ ಮತ್ತೆ ಆ ಹಳೆಯ ವೇಷವೇ ಬೇಕು. ಅದಕ್ಕಾಗಿ 2017ರಿಂದಲೇ ಹಲವು ಕಂಪನಿಗಳವರು ಕೂಡಿ ವೆಬ್‌ಜಿಪಿಯು ಎಂಬ ಹೊಸ ವ್ಯವಸ್ಥೆಯನ್ನು ರೂಪಿಸತೊಡಗಿದರು. 2023ರಲ್ಲಿ ಅದು ಕ್ರೋಮ್ ಬ್ರೌಸರಿನಲ್ಲಿ ಬಂದಿತು. 2024ರ ಆರಂಭದಲ್ಲಿ ಅನೇಕ ಆಂಡ್ರಾಯ್ಡ್ ಫೋನುಗಳಿಗೂ ತಲಪಿತು. 2025ರಲ್ಲಿ ವಿಂಡೋಸ್ ಗಣಕಗಳ ಫೈರ್‌ಫಾಕ್ಸಿನಲ್ಲಿಯೂ, ಆಪಲ್ ಕಂಪನಿಯ ಸಫಾರಿಯಲ್ಲಿಯೂ ಸೇರಿತು. ಕೊಳ್ಳುವ ಪುಸ್ತಕವಿಲ್ಲ, ಕಟ್ಟುವ ಶುಲ್ಕವಿಲ್ಲ, ಬೇಡುವ ಅನುಮತಿಯಿಲ್ಲ. ಒಂದು ಸಾಧಾರಣ ಗಣಕ, ಒಂದು ಬರೆಯುವ ಕಡತ, ಒಂದು ಬ್ರೌಸರ್ ಇದ್ದರೆ ಸಾಕು.

ನಮ್ಮ ಮೊದಲ ಪಾಠ ಒಂದು ತ್ರಿಕೋನ. ಜಿಪಿಯುವಿಗೆ ಮನೆ ಗೊತ್ತಿಲ್ಲ, ಮರ ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅದಕ್ಕೆ ಗೊತ್ತಿರುವ ಮುಖ್ಯ ಆಕೃತಿ ತ್ರಿಕೋನ. ಏಕೆಂದರೆ ಒಂದು ಸರಳರೇಖೆಯಲ್ಲಿರದ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯ ಬಿಂದು ಸೇರಿತೆಂದರೆ ಮೂರೇ ಕಾಲು ಊರಿದ ಮಂಚದ ನಾಲ್ಕನೆಯ ಕಾಲಿನಂತೆ ಅದು ಮೇಲೆ ಕೆಳಗೆ ಆಗಬಹುದು. ಪರದೆಯ ಎಡ ಅಂಚು ಋಣ 1, ಬಲ ಅಂಚು ಧನ 1, ನಡುವೆ ಸೊನ್ನೆ. ಕೆಳಗಿನಿಂದ ಮೇಲಕ್ಕೂ ಹಾಗೆಯೇ. ಮೂರು ಶೃಂಗಗಳ ಸ್ಥಾನವನ್ನು ಹೇಳುವುದು ಮೊದಲ ಶೇಡರಿನ ಕೆಲಸ. ಆ ತ್ರಿಕೋನದೊಳಗೆ ಯಾವ ಯಾವ ಚುಕ್ಕೆಗಳು ಬೀಳುತ್ತವೆಂದು ಯಂತ್ರವೇ ಹುಡುಕಿಕೊಳ್ಳುವುದು. ಆಮೇಲೆ ಪ್ರತಿಯೊಂದು ಚುಕ್ಕೆಗೂ ಎರಡನೆಯ ಶೇಡರ್ ಒಮ್ಮೊಮ್ಮೆ ನಡೆದು ಬಣ್ಣವನ್ನು ಹೇಳುವುದು. ಮೂರು ಮೂಲೆಗೆ ಕೆಂಪು, ಹಸಿರು, ನೀಲಿ ಎಂದು ಕೊಟ್ಟರೆ ನಡುವಿನ ಬಣ್ಣಗಳನ್ನು ಯಂತ್ರವೇ ಹದವಾಗಿ ಬೆರಸುವುದು.

ಎರಡನೆಯ ಪಾಠ ಬೆಳಕು. ಲ್ಯಾಂಬರ್ಟ್ ಎಂಬ ಗಣಿತಜ್ಞನು 1760ರಲ್ಲಿ ಹೇಳಿದ ನಿಯಮವೊಂದಿದೆ: ಒರಟಾದ ಮೈಯ ಮೇಲೆ ಬೀಳುವ ಬೆಳಕು, ಆ ಮೈಯ ಲಂಬಕ್ಕೂ ಬೆಳಕಿನ ದಿಕ್ಕಿಗೂ ನಡುವಿನ ಕೋನದ ಕೊಸೈನಿಗೆ ಅನುಗುಣವಾಗಿರುವುದು. ನೆತ್ತಿಯ ಮೇಲಿನ ಬೆಳಕಿಗೆ ಪೂರ್ಣ ಕಾಂತಿ, 60 ಡಿಗ್ರಿ ವಾಲಿದರೆ ಅರ್ಧ, 90 ಡಿಗ್ರಿಗೆ ಸೊನ್ನೆ. ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತಿದ್ದ ಈ ಕೊಸೈನು, ಒಂದು ಚೆಂಡಿನ ಮೇಲೆ ಸೂರ್ಯೋದಯದಂತೆ ಜಾರುವುದನ್ನು ಕಂಡಾಗ ಒಬ್ಬ ಹುಡುಗ, "ಇದು ಇದಕ್ಕ ಇತ್ತೇನ್ರಿ!" ಎಂದನು. ಮೂವತ್ತು ವರ್ಷ ತ್ರಿಕೋನಮಿತಿ ಕಲಿಸಿದ್ದ ನಮ್ಮ ಗುಂಪಿನ ಹಿರಿಯರು ಆ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದರು.

ಮೂರನೆಯ ಪಾಠದಲ್ಲಿ ಚಿತ್ರವನ್ನು ಬಿಟ್ಟು ಲೆಕ್ಕಕ್ಕೆ ಬಂದೆವು. ಇಂಗ್ಲೆಂಡಿನ ಗಣಿತಜ್ಞ ಕಾನ್ವೇ ಕಲ್ಪಿಸಿದ 'ಜೀವದಾಟ' 1970ರಲ್ಲಿ ಪ್ರಸಿದ್ಧಿಗೆ ಬಂದಿತು. ಚೌಕುಳಿ ಹಾಸಿನಲ್ಲಿ ಒಂದೊಂದು ಮನೆಯೂ ಜೀವಂತವೋ ನಿರ್ಜೀವವೋ ಆಗಿರುವುದು. ಜೀವಂತ ಮನೆಗೆ ಸುತ್ತಲಿನ ಎಂಟರಲ್ಲಿ ಎರಡೋ ಮೂರೋ ಜೀವಂತ ನೆರೆಯಿದ್ದರೆ ಅದು ಉಳಿಯುವುದು. ಕಡಿಮೆಯಾದರೆ ಒಂಟಿತನದಿಂದ, ಹೆಚ್ಚಾದರೆ ಇಕ್ಕಟ್ಟಿನಿಂದ ಅಳಿಯುವುದು. ಬರಿದಾದ ಮನೆಗೆ ಸರಿಯಾಗಿ ಮೂರು ಜೀವಂತ ನೆರೆಯಿದ್ದರೆ ಅಲ್ಲಿ ಹೊಸ ಜೀವ ಹುಟ್ಟುವುದು. ನಮ್ಮ ಹಾಸು 32ಕ್ಕೆ 32, ಒಟ್ಟು 1024 ಮನೆಗಳು. ಮನೆಗೊಂದು ಎಳೆ, 64 ಎಳೆಗಳಿಗೊಂದು ತಂಡ, ಒಟ್ಟು 16 ತಂಡಗಳು. ಇಲ್ಲಿ ಒಂದು ಸೂಕ್ಷ್ಮವಿದೆ. ಓದುವ ಹಾಸಿನಲ್ಲೇ ಬರೆಯಲು ಹೊರಟರೆ, ಪಕ್ಕದ ಎಳೆ ಹಳೆಯ ಸ್ಥಿತಿಯನ್ನು ನೋಡುವುದೋ ಹೊಸದನ್ನು ನೋಡುವುದೋ ಹೇಳಲಾಗದು. ಅದಕ್ಕಾಗಿ ಎರಡು ಹಾಸುಗಳನ್ನು ಇಟ್ಟುಕೊಂಡು, ಒಂದನ್ನು ಓದಿ ಇನ್ನೊಂದರಲ್ಲಿ ಬರೆದು, ಮರುತಲೆಮಾರಿಗೆ ಅವುಗಳನ್ನು ಅದಲುಬದಲು ಮಾಡಬೇಕು. ಎಲ್ಲರೂ ಒಟ್ಟಿಗೆ ಮುಂದೆ ಹೋಗಬೇಕಾದರೆ ಎಲ್ಲರೂ ಒಂದೇ ನಿನ್ನೆಯನ್ನು ನೋಡಬೇಕೆಂಬ ಈ ನಿಯಮ ಗಣಕಕ್ಕೆ ಮಾತ್ರ ಅನ್ವಯಿಸುವುದಲ್ಲವೆಂದು ನಮಗೆ ತೋರಿತು.

ನಾವು ಮಾಡಿದ ತಪ್ಪುಗಳನ್ನೂ ಮುಚ್ಚಿಡಬಾರದು. ಕಲಿತದ್ದು ಅವುಗಳಿಂದಲೇ ಹೆಚ್ಚು. ಒಂದು ದಿನ 1000 ಸಂಖ್ಯೆಗಳನ್ನು 64ರ ತಂಡಗಳಿಗೆ ಹಂಚಿದೆವು. 15 ತಂಡಕ್ಕೆ 960 ಮಾತ್ರ ಆಗುವುದರಿಂದ 16 ತಂಡ ಕಳಿಸಬೇಕಾಯಿತು. ಅಂದರೆ 1024 ಎಳೆಗಳು. ಕೆಲಸವಿಲ್ಲದ ಕೊನೆಯ 24 ಎಳೆಗಳಿಗೆ "ನೀವು ಹಿಂದಿರುಗಿ" ಎಂದು ಹೇಳುವುದನ್ನು ಮರೆತೆವು. ಬ್ರೌಸರಿನ ಕಾವಲು ಬಿಗಿಯಾದದ್ದು, ಪರರ ಸ್ಮರಣೆಯನ್ನು ಮುಟ್ಟಗೊಡದು. ಆದರೆ ಆ ಅಲೆಮಾರಿ ಎಳೆಗಳು ನಮ್ಮದೇ ಪಟ್ಟಿಯ ಬೇರೆ ಮನೆಯಲ್ಲಿ ಬರೆದರೆ ಅದು ತಡೆಯದು. ಉತ್ತರ ಕೆಟ್ಟಿತು. ಇನ್ನೊಂದು ದಿನ ಆಕಾಶದ ನಕ್ಷತ್ರಗಳಂತೆ ಬಿಂದುಗಳನ್ನು ಹರಡಲು ಹೋದೆವು. ಒಂದು ಬಿಂದುವಿಗೆ ಮೂರು ಸಂಖ್ಯೆ, ಸಂಖ್ಯೆಗೆ 4 ಬೈಟು, ಒಟ್ಟು 12 ಎಂದು ಒತ್ತೊತ್ತಾಗಿ ಜೋಡಿಸಿದೆವು. ಮೊದಲ ಬಿಂದು ಸರಿಯಾಗಿ ಕುಳಿತಿತು, ಉಳಿದವೆಲ್ಲ ದಿಕ್ಕಾಪಾಲು. ಎರಡು ಭಾನುವಾರ ಕಳೆದ ಮೇಲೆ ತಿಳಿಯಿತು: ಶೇಡರಿನ ಪಟ್ಟಿಯಲ್ಲಿ ಮೂರರ ಸದಿಶಕ್ಕೆ 12 ಬೈಟಿನ ಮೈ, ಆದರೆ 16 ಬೈಟಿನ ಆಸನ. ನಾಲ್ಕು ಬೈಟನ್ನು ಬರಿದಾಗಿ ಬಿಡಲೇಬೇಕು. ಚಾಪೆ ಹಾಸಿದಂತೆ ಕೂಡಿಸಲು ಬಾರದು, ಪಂಕ್ತಿಯ ಎಲೆಯ ಮುಂದೆ ಕೂಡಿಸಿದಂತೆ ಕೂಡಿಸಬೇಕು.

ಮೂರನೆಯ ತಪ್ಪು ಎಲ್ಲಕ್ಕಿಂತ ಬೋಧಪ್ರದ. ಒಂದು ಗಣಕದಲ್ಲಿ ಸೊಗಸಾಗಿ ನಡೆಯುತ್ತಿದ್ದ ಪಾಠವನ್ನು ಕೋಣೆಯ ವೈಫೈ ಮೂಲಕ ಎಲ್ಲ ಮಕ್ಕಳ ಫೋನಿಗೆ ಹರಿಸಿದೆವು. ಒಂದು ಫೋನಿನಲ್ಲಿಯೂ ಏನೂ ಕಾಣಲಿಲ್ಲ. ಬಡವರ ಮಕ್ಕಳ ಫೋನು ಅಗ್ಗದವು, ಅದಕ್ಕೇ ಹೀಗೆ ಎಂದು ನಾವೇ ಅವಸರದಿಂದ ತೀರ್ಮಾನಿಸಿದೆವು. ಒಂದಿಬ್ಬರು ಮುಖ ಸಣ್ಣದು ಮಾಡಿಕೊಂಡು ಮುಂದಿನ ವಾರ ಬರಲಿಲ್ಲ. ನಿಜವಾದ ಕಾರಣ ಬೇರೆ. ವೆಬ್‌ಜಿಪಿಯುವನ್ನು ಬ್ರೌಸರು ಸುರಕ್ಷಿತ ವಿಳಾಸಗಳಿಗೆ ಮಾತ್ರ ಒದಗಿಸುವುದು. ಗಣಕವು ತನಗೆ ತಾನೇ ಬಡಿಸಿಕೊಂಡರೆ ಅದನ್ನು ಸುರಕ್ಷಿತವೆಂದು ಎಣಿಸುವುದು. ಅದೇ ಪಾಠ ಗೂಢಲಿಪಿಯ ರಕ್ಷೆಯಿಲ್ಲದೆ ಇನ್ನೊಂದು ಫೋನಿಗೆ ಹೋದರೆ ಬಾಗಿಲು ಮುಚ್ಚುವುದು. ಸುರಕ್ಷಿತ ವಿಳಾಸದಲ್ಲಿ ಇಟ್ಟ ಕೂಡಲೇ ಬಹುತೇಕ ಫೋನುಗಳಲ್ಲಿ ತ್ರಿಕೋನ ಮೂಡಿತು. ನಾವು ಆ ಮಕ್ಕಳ ಮನೆಗೆ ಹೋಗಿ ತಪ್ಪು ನಮ್ಮದೆಂದು ಹೇಳಿ ಕರೆತಂದೆವು. ಕಾರಣ ಹುಡುಕುವ ಮೊದಲೇ ಬಡತನದ ಮೇಲೆ ಹೊರಿಸುವ ಚಾಳಿ ಕಲಿಸುವವರಿಗೆ ತಕ್ಕದ್ದಲ್ಲ.

ಈ ಯಂತ್ರದ ಮಿತಿಗಳನ್ನೂ ಹೇಳುವುದು ನ್ಯಾಯ. ಎರಡು ಎಳೆಗಳು ಒಂದೇ ಮೊತ್ತಕ್ಕೆ ಒಂದೊಂದು ಕೂಡಿಸಲು ಒಟ್ಟಿಗೆ ಬಂದವೆನ್ನಿ. ಇಬ್ಬರೂ 40 ಎಂದು ಓದಿ, ಇಬ್ಬರೂ 41 ಎಂದು ಬರೆದರೆ, 42 ಆಗಬೇಕಾದಲ್ಲಿ ಒಬ್ಬನ ದುಡಿಮೆ ಮಾಯವಾಗುವುದು. ಇದಕ್ಕೆ ಪರಿಹಾರ, ಜೋಡಿ ಜೋಡಿಯಾಗಿ ಕೂಡಿಸುತ್ತ ಬರುವುದು: 1024 ಸಂಖ್ಯೆಗಳು 512 ಆಗಿ, 256 ಆಗಿ, ಹತ್ತೇ ಹಂತದಲ್ಲಿ ಒಂದು ಮೊತ್ತವಾಗುವುವು, ಹಂತಹಂತಕ್ಕೂ ಎಲ್ಲರೂ ಮುಗಿಸುವ ತನಕ ಎಲ್ಲರೂ ಕಾಯಬೇಕು. ಮತ್ತೊಂದು ಮಿತಿ: ಒಂದು ಹಾಸಿನ 32 ಎಳೆಗಳಲ್ಲಿ ಅರ್ಧ ಒಂದು ದಾರಿ, ಅರ್ಧ ಇನ್ನೊಂದು ದಾರಿ ಹಿಡಿದರೆ ಎರಡೂ ದಾರಿಗಳನ್ನು ಸರದಿಯ ಮೇಲೆ ನಡೆಸಬೇಕಾಗುವುದು, ಕಾಲ ವ್ಯರ್ಥ. ಅಲ್ಲದೆ ಪದಾರ್ಥವನ್ನು ಜಿಪಿಯುವಿನವರೆಗೆ ಹೊತ್ತು ಹಾಕಿ ಉತ್ತರವನ್ನು ಹೊತ್ತು ತರುವುದಕ್ಕೂ ಹೊತ್ತು ಬೇಕು. ಸಣ್ಣ ಲೆಕ್ಕಕ್ಕೆ ಜಿಪಿಯುವನ್ನು ಎಬ್ಬಿಸುವುದು, ಒಂದು ಕೊಡ ನೀರಿಗೆ ಕಾಲುವೆ ತೋಡಿಸಿದಂತೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಇದನ್ನು ಕನ್ನಡದಲ್ಲಿ ಕಲಿಯಬಹುದೇ? ವೆಬ್‌ಜಿಪಿಯುವಿನ ಶೇಡರ್ ಭಾಷೆಗೆ ಡಬ್ಲ್ಯೂಜಿಎಸ್‌ಎಲ್ ಎಂದು ಹೆಸರು. ಅದರ ನಿಯಮಾವಳಿಯನ್ನು ಓದುತ್ತ ಹೋದಾಗ ಒಂದು ವಿಷಯ ಕಂಡು ಬೆರಗಾದೆವು. ಅದರಲ್ಲಿ ನಾವು ಇಡುವ ಹೆಸರುಗಳು ರೋಮನ್ ಅಕ್ಷರದಲ್ಲೇ ಇರಬೇಕೆಂಬ ಕಟ್ಟಿಲ್ಲ. ಯೂನಿಕೋಡಿನ ಯಾವ ಲಿಪಿಯಾದರೂ ಆಗಬಹುದು. ಹಳೆಯ ವೆಬ್‌ಜಿಎಲ್‌ನ ಶೇಡರ್ ಭಾಷೆಯಲ್ಲಿ ಈ ಸ್ವಾತಂತ್ರ್ಯವಿರಲಿಲ್ಲ. ನಮ್ಮ ಹುಡುಗಿ 'ಬಣ್ಣ', 'ಬೆಳಕು', 'ನೆರೆ', 'ಹಾಸು' ಎಂದೇ ಹೆಸರಿಟ್ಟು ಬರೆದಳು. ಯಂತ್ರ ಚಕಾರವೆತ್ತದೆ ನಡೆಸಿತು. ಆ ದಿನ ಅವಳ ಮುಖದಲ್ಲಿ ಕಂಡ ಬೆಳಕಿಗೆ ಲ್ಯಾಂಬರ್ಟನ ಸೂತ್ರ ಸಾಲದು.

ಆದರೆ ಅತಿಯಾಗಿ ಹಿಗ್ಗುವ ಕಾರಣವೂ ಇಲ್ಲ. ಭಾಷೆಯ ಮೂಲಪದಗಳು ರೋಮನ್ ಲಿಪಿಯವೇ. ತಪ್ಪಾದಾಗ ಯಂತ್ರ ಬೈಯುವುದು ಇಂಗ್ಲಿಷಿನಲ್ಲೇ. ಜಿಪಿಯುವಿಗೆ ಕನ್ನಡ ಅಕ್ಷರ ತಾನಾಗಿ ಬರೆಯಲೂ ಬಾರದು. ಅದಕ್ಕೆ ಗೊತ್ತಿರುವುದು ತ್ರಿಕೋನ ಮತ್ತು ಚುಕ್ಕೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿಗೆ ಆರು ಸಂಕೇತಗಳು. ಒಂದೊಂದು ಸಂಕೇತವನ್ನೂ ಬೇರೆ ಬೇರೆ ಬರೆದರೆ ಒತ್ತುಗಳು ಚೆದುರಿ ಬರೆಹ ಭಗ್ನವಾಗುವುದು. ರೋಮನ್ ಅಕ್ಷರಗಳಿಗೆ ಸಾಕಾಗುವ ಆ ಪದ್ಧತಿ ನಮಗೆ ಒದಗದು. ಬ್ರೌಸರಿನ ಸಾಮಾನ್ಯ ಚಿತ್ರಹಾಳೆ ಕನ್ನಡವನ್ನು ಸರಿಯಾಗಿ ಜೋಡಿಸಿ ಬರೆಯಬಲ್ಲದು. ಮೊದಲು ಅದರ ಮೇಲೆ ಪದ ಬರೆಸಿ, ಆ ಹಾಳೆಯನ್ನೇ ಚಿತ್ರವಾಗಿ ಜಿಪಿಯುವಿಗೆ ನಕಲು ಮಾಡಿಕೊಡುವುದು ಸುಲಭೋಪಾಯ. ನಮ್ಮ ಮಕ್ಕಳು 'ಸೊನ್ನಲಿಗೆ' ಎಂಬ ಪದವನ್ನು ತಿರುಗುವ ಘನಾಕೃತಿಯ ಆರೂ ಮುಖಗಳ ಮೇಲೆ ಹೀಗೆಯೇ ಬರೆದರು.

ಕೆಲವರು ಹೇಳುವುದುಂಟು: "ಉದ್ಯೋಗ ಕೊಡುವವರು ಇಂಗ್ಲಿಷಿನಲ್ಲೇ ಕೇಳುವರು, ಕನ್ನಡದಲ್ಲಿ ಕಲಿತು ಕಾಲವನ್ನೇಕೆ ಕಳೆಯಬೇಕು?" ಮಾತಿನಲ್ಲಿ ನಿಜಾಂಶವಿದೆ. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಲಿ, ಮರಾಠಿಯನ್ನೂ ಚೆನ್ನಾಗಿ ಕಲಿಯಲಿ. ಮರಾಠಿ ನಮ್ಮ ನೆರೆಯ ನುಡಿ, ಅನ್ನದ ನುಡಿ. ಆದರೆ ನಾವು ಕೋಣೆಯಲ್ಲಿ ಕಂಡದ್ದಿಷ್ಟು: 'ವಾರ್ಪ್' ಎಂದು ಮೂರು ಸಲ ಹೇಳಿದರೂ ಹತ್ತದಿದ್ದುದು, 'ಹಾಸು' ಎಂದ ಕೂಡಲೇ ಮಗ್ಗದ ಮನೆಯ ಹುಡುಗನಿಗೆ ಹತ್ತಿತು, ಅಷ್ಟೇ ಅಲ್ಲ, ಅವನು ನಮಗೇ ವಿವರಿಸತೊಡಗಿದನು. ಅರ್ಥವಾಗುವುದಕ್ಕೆ ಒಂದು ಮನೆನುಡಿ, ವ್ಯವಹರಿಸುವುದಕ್ಕೆ ಇನ್ನೊಂದು ಎಂದರೆ ಅದರಲ್ಲಿ ವಿರೋಧವಿಲ್ಲ. ಹೊಸ ವಿದ್ಯೆ ಒಂದೂ ಬಾರದ ನುಡಿಯನ್ನು ಮಕ್ಕಳು ದ್ವೇಷಿಸುವುದಿಲ್ಲ, ಗೌರವದಿಂದಲೇ ಮರೆಯುತ್ತಾರೆ. ಗಡಿಯಲ್ಲಿ ಕನ್ನಡಕ್ಕೆ ಒದಗಿರುವ ಅಪಾಯ ಈ ಗೌರವಪೂರ್ವಕ ಮರೆವು.

ಆದುದರಿಂದ ಸಂಘದ ಮುಂದೆ ನಮ್ಮ ಮೂರು ಸೂಚನೆಗಳನ್ನು ಇಡುತ್ತೇವೆ. ಒಂದನೆಯದು, ಭಾನುವಾರದ ಈ ತರಗತಿಯನ್ನು ವಾಚನಾಲಯದ ನಿತ್ಯಕಾರ್ಯವಾಗಿ ಸ್ವೀಕರಿಸುವುದು. ಅದಕ್ಕೆ ಬೇಕಾದುದು ಎರಡು ಗಣಕ ಮತ್ತು ಒಂದು ಕೋಣೆಯ ಬೀಗದ ಕೈ. ಎರಡನೆಯದು, ನೂರು ಪದಗಳ ಒಂದು ಚಿಕ್ಕ ಪದಕೋಶ ಸಿದ್ಧಪಡಿಸುವುದು. ಶೃಂಗ, ಸದಿಶ, ಮಾತೃಕೆ ಮುಂತಾದ ಪದಗಳನ್ನು ಶಾಲೆಯ ಗಣಿತಪುಸ್ತಕಗಳಿಂದಲೇ ತೆಗೆದುಕೊಳ್ಳೋಣ. ಎಳೆ, ಹಾಸು ಮೊದಲಾದವನ್ನು ಮಗ್ಗದಿಂದ ತರೋಣ. ಪಿಕ್ಸೆಲ್, ಶೇಡರ್, ಬಫರ್‌ಗಳನ್ನು ಇದ್ದಂತೆಯೇ ಇಟ್ಟುಕೊಳ್ಳೋಣ. ಬಾಯಿಗೆ ಹೊರಳದ ಹೊಸ ಪದಗಳನ್ನು ಟಂಕಿಸುವ ಹಟ ಬೇಡ. ಮೂರನೆಯದು, ಈ ಮಕ್ಕಳು ಬರೆದ ಹನ್ನೆರಡು ಪಾಠಗಳನ್ನು ಕನ್ನಡ ವಿವರಣೆಯೊಂದಿಗೆ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡುವುದು. ಜತ್ತಿನ ಹುಡುಗನೂ, ಕಾಸರಗೋಡಿನ ಹುಡುಗಿಯೂ, ತಾಳವಾಡಿಯ ಮಗುವೂ ಅದನ್ನು ತೆರೆದು ತಮ್ಮ ತ್ರಿಕೋನವನ್ನು ಬರೆಯಲಿ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಭೂಪಟದ ಮೇಲೆ ಎಳೆದ ಗೆರೆಯ ಈಚೆ ನಾವು ಉಳಿದೆವು. ಆ ಗೆರೆಯ ಬಗೆಗೆ ನಮ್ಮ ಹಿರಿಯರು ಹೇಳಬೇಕಾದುದನ್ನೆಲ್ಲ ಹೇಳಿದ್ದಾರೆ. ನಾವು ಇಂದು ಹೇಳುವುದು ಬೇರೊಂದು ಗೆರೆಯ ವಿಚಾರ: ಈ ವಿದ್ಯೆ ನಮ್ಮದು, ಆ ವಿದ್ಯೆ ಅವರದು ಎಂದು ಮಗುವಿನ ಮನಸ್ಸಿನಲ್ಲಿ ಬಿದ್ದಿರುವ ಗೆರೆ. ಅದನ್ನು ಅಳಿಸಲು ಯಾವ ಆಯೋಗವೂ ಬೇಕಾಗಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವಾಚನಾಲಯದ ಬಾಗಿಲು ತೆರೆದಿರುತ್ತದೆ. ಮಗ್ಗದ ಮನೆಯವರು ಮಕ್ಕಳೊಡನೆ ತಾವೂ ಬರಬೇಕು. ಹಾಸಿನ ವಿಚಾರದಲ್ಲಿ ನಮಗೆ ತಿಳಿಯದ್ದನ್ನು ಅವರು ಹೇಳಬೇಕಾಗಿದೆ.